ಪೂಜ್ಯಪಾದರ ವೈದ್ಯಕೃತಿಯೂ ಅದರ ಉಲ್ಲೇಖಪರಂಪರೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯು ಪೂರ್ವದಲ್ಲಿ ಹೊಯ್ಸಳರ ರಾಜ್ಯಕ್ಕೆ ಸೇರಿದ್ದಿತು. ತುರುವೇಕೆರೆ, ಅರಳಗುಪ್ಪೆ, ವಿಘ್ನಸಂತೆಗಳ ದೇವಾಲಯಗಳು ಇದಕ್ಕೆ ಇಂದಿಗೂ ಸಾಕ್ಷಿಯಾಗಿ ನಿಂತಿವೆ. ಒಣಗರಿ, ಮಟ್ಟೆಗಳ ರಾಶಿಯಲ್ಲಿ ಹಾವು ಅಡಗುವ ಇಂತಹ ಸೀಮೆಯ ತೋಟಗಾರನಿಗೆ ವಿಷಚಿಕಿತ್ಸೆಯೆಂಬುದು ಕೇವಲ ಶಾಸ್ತ್ರವಿಚಾರವಲ್ಲ, ಪ್ರಾಣದ ವಿಚಾರ. ಆ ಹೊಯ್ಸಳ ದೇಶದ ಮುಗುಳಿಪುರಕ್ಕೆ ಒಡೆಯನಾಗಿದ್ದ ಮಂಗರಾಜನು ಸುಮಾರು 1360ರಲ್ಲಿ ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯಗ್ರಂಥವನ್ನು ಹದಿನಾರು ಅಧಿಕಾರಗಳಲ್ಲಿ ಕನ್ನಡದಲ್ಲಿ ರಚಿಸಿದನು. ತನ್ನ ವಿಷಯಕ್ಕೆ ಆಕರವೆಂದು ಅವನು ಹಿಡಿದಿರುವುದು ಪೂಜ್ಯಪಾದರ ವೈದ್ಯಗ್ರಂಥವನ್ನು. ಎಂಟು ಶತಮಾನಗಳಿಗೂ ಮಿಕ್ಕ ಅಂತರದಲ್ಲಿ ಹೀಗೆ ಸ್ಮರಿಸಲ್ಪಟ್ಟ ಆ ಆಚಾರ್ಯರ ವೈದ್ಯಕೃತಿ ಎಂತಹದು, ಅದರ ಕೀರ್ತಿಗೆ ಆಧಾರವೇನು ಎಂಬುದು ವಿಚಾರಾರ್ಹವಾಗಿದೆ.

ದೇವನಂದಿಯೆಂಬ ನಾಮಾಂತರವುಳ್ಳ ಪೂಜ್ಯಪಾದರು ಜೈನೇಂದ್ರವ್ಯಾಕರಣ, ಸರ್ವಾರ್ಥಸಿದ್ಧಿ, ಸಮಾಧಿತಂತ್ರ, ಇಷ್ಟೋಪದೇಶಗಳ ಕರ್ತೃಗಳಾಗಿ ಪ್ರಸಿದ್ಧರು. ಇವು ಉಳಿದಿವೆ, ಇವುಗಳ ಗುಣವನ್ನು ಓದಿಯೇ ನಿರ್ಣಯಿಸಬಹುದು. ವೈದ್ಯಗ್ರಂಥದ ಸ್ಥಿತಿ ಹಾಗಲ್ಲ. ಶಿವಮೊಗ್ಗ ಜಿಲ್ಲೆಯ ನಗರದ 46ನೆಯ ಶಾಸನವು ಅವರ ವ್ಯಾಕರಣಾದಿ ಕೃತಿಗಳ ಸಾಲಿನಲ್ಲಿಯೇ ವೈದ್ಯಶಾಸ್ತ್ರವನ್ನೂ ಎಣಿಸುತ್ತದೆ. ಆದರೆ ಆ ಶಾಸ್ತ್ರವು ಮೂಲರೂಪದಲ್ಲಿ ದೊರೆಯದೆ, ಇತರರ ಉಲ್ಲೇಖಗಳಲ್ಲಿ ಮಾತ್ರ ಜೀವಿಸಿಕೊಂಡಿದೆ.

ಆ ಉಲ್ಲೇಖಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡತಕ್ಕದ್ದು. ಸಾಮಾನ್ಯವಾಗಿ 9ನೆಯ ಶತಮಾನದವನೆಂದು ಎಣಿಸಲ್ಪಡುವ, ನೃಪತುಂಗನ ಸಭೆಯಲ್ಲಿ ಮಾಂಸಭಕ್ಷಣದ ದೋಷಗಳನ್ನು ಪ್ರತಿಪಾದಿಸಿದ ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕವು ಇವುಗಳಲ್ಲಿ ಮೊದಲನೆಯದು. ಇದು 1940ರಲ್ಲಿ ಸೊಲ್ಲಾಪುರದಲ್ಲಿ ಮುದ್ರಿತವಾಯಿತು. ಎರಡನೆಯದು ಸುಮಾರು 1150ರ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ. ಪೂಜ್ಯಪಾದರ ಕಲ್ಯಾಣಕಾರಕವನ್ನೇ ಕನ್ನಡಿಸಿದುದೆಂದು ಇದರ ಪ್ರಸಿದ್ಧಿ. ಮೂರನೆಯದು ಮಂಗರಾಜನ ಖಗೇಂದ್ರಮಣಿದರ್ಪಣ. ಇದನ್ನು 1942ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಪ್ರಕಟಿಸಿತು. ಇವಲ್ಲದೆ ಬಸವರಾಜೀಯದಂತಹ ಈಚಿನ ಸಂಗ್ರಹಗಳಲ್ಲಿಯೂ ಪೂಜ್ಯಪಾದರ ಹೆಸರಿನ ಯೋಗಗಳು ಕಂಡುಬರುತ್ತವೆ.

ಸಾಕ್ಷಿಗಳ ಸಂಖ್ಯೆಯನ್ನು ಮಾತ್ರ ನೋಡಿದರೆ ಕೀರ್ತಿಯು ನಿರ್ವಿವಾದವಾಗಿ ತೋರುವುದು. ಅವು ಹೇಳುವ ಮಾತನ್ನು ನೋಡಿದರೆ ಹಾಗಿಲ್ಲ. ಉಗ್ರಾದಿತ್ಯನು ಪೂರ್ವಾಚಾರ್ಯರನ್ನು ಅಂಗವಿಭಾಗದಿಂದ ಎಣಿಸುತ್ತಾನೆ. ಕಣ್ಣು, ಕಿವಿ, ಮೂಗು ಮೊದಲಾದವುಗಳ ರೋಗಕ್ಕೆ ಸಂಬಂಧಿಸಿದ ಶಾಲಾಕ್ಯವನ್ನು ಪೂಜ್ಯಪಾದರಿಗೂ, ಶಲ್ಯತಂತ್ರವನ್ನು ಪಾತ್ರಸ್ವಾಮಿಗೂ, ವಿಷ ಹಾಗೂ ಉಗ್ರಗ್ರಹಗಳ ಶಮನವನ್ನು ಸಿದ್ಧಸೇನರಿಗೂ, ಕಾಯಚಿಕಿತ್ಸೆಯನ್ನು ದಶರಥಗುರುಗಳಿಗೂ, ಶಿಶುವೈದ್ಯವನ್ನು ಮೇಘನಾದರಿಗೂ, ವೃಷ್ಯಾದಿಗಳನ್ನು ಸಿಂಹನಾದರಿಗೂ ಸಲ್ಲಿಸುತ್ತಾನೆ. ವಿಷಚಿಕಿತ್ಸೆಯ ಪ್ರಸಿದ್ಧಿಯು ಇಲ್ಲಿ ಸಿದ್ಧಸೇನರದು. ಐದು ಶತಮಾನಗಳ ಬಳಿಕ ಮಂಗರಾಜನಲ್ಲಿ ಅದೇ ವಿಷಯದ ಪ್ರಮಾಣಪುರುಷರು ಪೂಜ್ಯಪಾದರಾಗಿರುವರು.

ಪೂಜ್ಯಪಾದರು ವಿಷವನ್ನು ಕುರಿತು ಏನನ್ನೂ ಬರೆಯಲಿಲ್ಲವೆಂದು ಇದರಿಂದ ಸಾಧಿಸಲಾಗದು. ಒಂದು ಅಂಗದಲ್ಲಿ ಪ್ರಸಿದ್ಧನಾದವನು ಮತ್ತೊಂದರಲ್ಲಿ ಬರೆಯಬಾರದೆಂಬ ನಿಯಮವಿಲ್ಲ. ಆದರೆ ಕಲ್ಯಾಣಕಾರಕವೆಂಬ ಹೆಸರಿನ ವಿಷಯದಲ್ಲಿಯೂ ಇಂತಹುದೇ ತೊಡಕು ಇದೆ. ಆ ಹೆಸರಿನ ಸಂಸ್ಕೃತಗ್ರಂಥವಾಗಿ ಉಳಿದು ಬಂದಿರುವುದು ಉಗ್ರಾದಿತ್ಯನದು. ಸೋಮನಾಥನ ಆಕರವೆಂದು ಪ್ರಸಿದ್ಧವಾಗಿರುವುದು ಪೂಜ್ಯಪಾದರದು. ಇನ್ನು ರಸಯೋಗಗಳ ಮಾತು. ಪಾರದಪ್ರಧಾನವಾದ ರಸಶಾಸ್ತ್ರವು ಬೆಳೆದು ವ್ಯಾಪಿಸಿದುದು ದೇವನಂದಿಯ ಕಾಲಕ್ಕೆ ಬಹಳ ಈಚೆಗೆ. ಆದುದರಿಂದ ಈಚಿನ ಸಂಗ್ರಹಗಳಲ್ಲಿ ಅವರ ಹೆಸರಿನಿಂದ ಬರುವ ರಸಯೋಗಗಳು ಅವರವೆಂದು ನಂಬುವುದು ಕಷ್ಟ. ಈ ಮೂರನ್ನೂ ಕೂಡಿಸಿ ನೋಡಿದರೆ, ಹಿರಿಯ ಹೆಸರೊಂದು ಕಾಲಕ್ರಮದಲ್ಲಿ ಕಿರಿಯ ಹೆಸರುಗಳ ಕೆಲಸವನ್ನು ತನ್ನಲ್ಲಿ ಸೇರಿಸಿಕೊಂಡಿರುವ ಸಂಭವವೇ ಹೆಚ್ಚೆಂದು ತೋರುತ್ತದೆ.

ಇದು ಪ್ರಾಚೀನರಲ್ಲಿ ಮಾತ್ರ ನಡೆದ ಸಂಗತಿಯಲ್ಲ. ಯೂಜೀನ್ ಗಾರ್ಫೀಲ್ಡನ ವಿಜ್ಞಾನೋಲ್ಲೇಖಸೂಚಿಯು 1964ರಲ್ಲಿ ಹೊರಬಂದ ಮೇಲೆ ಸಂಶೋಧಕನ ಲೇಖನವನ್ನು ಎಷ್ಟು ಮಂದಿ ಉಲ್ಲೇಖಿಸಿದರೆಂದು ಎಣಿಸುವ ಕ್ರಮವು ಬಲಗೊಂಡಿತು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿಯು ಆ ಎಣಿಕೆಯಿಂದ ಒಂದು ಸೂಚ್ಯಂಕವನ್ನೇ ರಚಿಸಿದನು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ವ್ಯಾಧಿಯ ಚರಿತ್ರೆಯನ್ನೇ ನೋಡಬಹುದು. ಮೇದೋಜೀರಕಗ್ರಂಥಿಯನ್ನೂ ಶ್ವಾಸಕೋಶಗಳನ್ನೂ ಕೆಡಿಸುವ ಈ ವ್ಯಾಧಿಯನ್ನು ಸ್ವಿಟ್ಜರ್ಲೆಂಡಿನ ಫಾಂಕೋನಿ ಮತ್ತು ಅವನ ಸಹೋದ್ಯೋಗಿಗಳು 1936ರಲ್ಲಿಯೇ ವರ್ಣಿಸಿದ್ದರು. ನ್ಯೂಯಾರ್ಕಿನ ಡೊರೊಥಿ ಆಂಡರ್ಸನ್ 1938ರಲ್ಲಿ 49 ರೋಗಿಗಳ ವೃತ್ತಾಂತಗಳನ್ನು ಒಟ್ಟುಗೂಡಿಸಿ ಅದನ್ನು ಪ್ರತ್ಯೇಕವ್ಯಾಧಿಯೆಂದು ವಿಶದವಾಗಿ ನಿರೂಪಿಸಿದಳು. ಚರಿತ್ರೆಯು ಸಾಮಾನ್ಯವಾಗಿ ಆಕೆಯ ಹೆಸರಿನಿಂದ ಆರಂಭವಾಗುತ್ತದೆ. ಆಕೆಯ ಕೀರ್ತಿ ನ್ಯಾಯವಾದುದೇ. ಆದರೂ ಇಲ್ಲಿ ಫಾಂಕೋನಿಯ ಲೇಖನವು ಉಳಿದಿರುವುದರಿಂದ ಇಬ್ಬರ ಪಾಲನ್ನೂ ಬೇರ್ಪಡಿಸಿ ಹೇಳುವುದು ಸಾಧ್ಯವಾಗಿದೆ. ಸಿದ್ಧಸೇನರಿಗೆ ಆ ಅನುಕೂಲವಿಲ್ಲ. ಅವರ ಪಾಲಿಗೆ ಇರುವುದು ಉಗ್ರಾದಿತ್ಯನ ಒಂದು ಮಾತು.

ಆದುದರಿಂದ ಉಲ್ಲೇಖವನ್ನು ಎಣಿಸುವುದಕ್ಕಿಂತ ಮೊದಲು ತೂಗಬೇಕು. ಯಾರು, ಯಾವ ಕಾಲದಲ್ಲಿ, ಯಾವ ಅಂಗಕ್ಕಾಗಿ ಹೆಸರಿಸಿದರೆಂಬುದನ್ನು ಬಿಟ್ಟು, ಪೂಜ್ಯಪಾದರ ಹೆಸರಿರುವುದನ್ನೆಲ್ಲ ಅವರದೆಂದು ಪಟ್ಟಿಮಾಡಿದರೆ ಅವರಿಗೂ ಸಲ್ಲದ ಮಾತು, ಉಳಿದವರಿಗೂ ಅನ್ಯಾಯ. ಕನ್ನಡ ವೈದ್ಯಗ್ರಂಥಗಳ ಸಂಪಾದನದಲ್ಲಿ ಪ್ರತಿಯೊಂದು ಯೋಗದ ಪಕ್ಕದಲ್ಲಿಯೂ ಅದು ಮೊದಲು ಕಾಣಿಸಿಕೊಳ್ಳುವ ಗ್ರಂಥವನ್ನೂ ಕಾಲವನ್ನೂ ಗುರುತಿಸುವ ಪದ್ಧತಿಯು ಬರಬೇಕಾಗಿದೆ. ತೆಂಗಿನ ತೋಟದಲ್ಲಿ ಹಾವು ಕಚ್ಚಿದವನಿಗೆ ಇಂದು ಆಸ್ಪತ್ರೆಯ ಪ್ರತಿವಿಷವೇ ಶರಣ್ಯ. ಅವನನ್ನು ಉಳಿಸುವ ಹೊಣೆ ಮಂಗರಾಜನ ಗ್ರಂಥದ ಮೇಲಿಲ್ಲ. ಆದರೆ ಹಿಂದೆ ಅದೇ ಪ್ರಾಣಕ್ಕಾಗಿ ಶ್ರಮಿಸಿದವರಲ್ಲಿ ಸಿದ್ಧಸೇನರೂ ಒಬ್ಬರೆಂದು ಹೇಳುವ ಹೊಣೆ ಇಂದಿನ ವಿದ್ವಾಂಸರದಾಗಿದೆ.