ಓದು ಬಾರದ ನವಾಬರು: ನಮ್ಮ ಕೋಲಾರದ ಹೈದರ್ ಅಲಿ



ನನ್ನ ತರಗತಿಯ ಹುಡುಗನೊಬ್ಬ ಒಂಬತ್ತನೆಯ ತರಗತಿಯಲ್ಲೇ ಓದು ಬಿಟ್ಟು ಮಾಲೂರಿನ ಗ್ಯಾರೇಜೊಂದಕ್ಕೆ ಸೇರಿಕೊಂಡ. ವಿಚಾರಿಸಲು ಹೋದೆ. ಕೈತುಂಬ ಗ್ರೀಸು ಮೆತ್ತಿಕೊಂಡಿದ್ದವನು ತಲೆ ತಗ್ಗಿಸಿಯೇ ಕೇಳಿದ: "ಹೈದರ್ ಅಲಿ ಎಲ್ಲಿ ಓದಿದ್ರು ಸಾರ್? ನವಾಬ್ ಆಗ್ಲಿಲ್ವಾ?" ಆ ಪಾಠ ಮಾಡಿದವನು ನಾನೇ. ಉತ್ತರ ಹೇಳದೆ ಬಸ್ಸು ಹತ್ತಿದೆ. ಅವನಿಗೆ ಅಂದು ಹೇಳಬೇಕಾಗಿದ್ದದ್ದನ್ನು ಇಂದು ನಿಮಗೆ ಹೇಳುತ್ತಿದ್ದೇನೆ.

ಹೈದರ್ ಅಲಿ ಹುಟ್ಟಿದ್ದು 1721-22ರ ಸುಮಾರಿಗೆ, ಇಂದಿನ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ತಂದೆ ಫತೇ ಮುಹಮ್ಮದ್ ಆರ್ಕಾಟಿನಲ್ಲಿ, ಆಮೇಲೆ ಸಿರಾ ಸುಬೇದಾರರ ಕೈಕೆಳಗೆ ಸೈನ್ಯದಲ್ಲಿದ್ದವರು. ಹೈದರ್‌ಗೆ ಏಳು ವರ್ಷವಿರುವಾಗ ಅವರು ಯುದ್ಧದಲ್ಲಿ ಮಡಿದರು. ಕೋಲಾರ ಪಟ್ಟಣದ ಮಕ್ಬರಾದಲ್ಲಿ ಅವರ ಸಮಾಧಿ ಇದೆ. ನಿಮ್ಮಲ್ಲಿ ಅನೇಕರು ದಿನವೂ ಅದರ ಮುಂದೆಯೇ ಓಡಾಡುತ್ತೀರಿ. ಒಳಗೆ ಹೋಗಿ ನೋಡಿದವರೆಷ್ಟು ಮಂದಿ?

ತಂದೆ ಸತ್ತ ಮೇಲೆ ನಡೆದ ಸಂಗತಿ ಘೋರವಾದದ್ದು. ಫತೇ ಮುಹಮ್ಮದರಿಂದ ಬರಬೇಕಾದ ಹಣ ಉಳಿದಿದೆಯೆಂದು ದೊಡ್ಡಬಳ್ಳಾಪುರದ ಜಾಗೀರುದಾರ ಅಬ್ಬಾಸ್ ಕುಲಿ ಖಾನ್ ಮನೆಯನ್ನೆಲ್ಲ ದೋಚಿದ. ಸಾಲದೆಂದು ಹೈದರ್‌ನನ್ನೂ ಅಣ್ಣ ಶಹಬಾಜ್‌ನನ್ನೂ ನಗಾರಿಯೊಳಗೆ ತುರುಕಿ, ಮೇಲೆ ಚರ್ಮ ಬಿಗಿದು ಹಿಂಸೆ ಕೊಟ್ಟು ಹಣ ಕೀಳಿಸಿದ. ಇದನ್ನು ಬರೆದಿಟ್ಟವರು ಮೈಸೂರಿನ ಇತಿಹಾಸ ರಚಿಸಿದ ಕರ್ನಲ್ ವಿಲ್ಕ್ಸ್. ಏಳು ವರ್ಷದ ಅನಾಥ ಮಗುವಿಗೆ ಮದರಸಾ ಎಲ್ಲಿ, ಉಸ್ತಾದರೆಲ್ಲಿ? ಹೈದರ್ ಅಲಿ ಓದು ಬಿಟ್ಟವರಲ್ಲ, ಓದು ಅವರಿಗೆ ಸಿಗಲೇ ಇಲ್ಲ. ಗ್ಯಾರೇಜಿನ ಹುಡುಗನಿಗೆ ಮೊದಲು ಈ ವ್ಯತ್ಯಾಸ ತಿಳಿಯಬೇಕು.

ಅಣ್ಣ ಆಗಲೇ ಮೈಸೂರು ಸೈನ್ಯದಲ್ಲಿದ್ದರು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೈದರ್ ತೋರಿದ ಸಾಹಸ ನಂಜರಾಜಯ್ಯನವರ ಕಣ್ಣಿಗೆ ಬಿತ್ತು. 50 ಕುದುರೆ ಸವಾರರು, 200 ಕಾಲಾಳುಗಳ ಅಧಿಕಾರ ಸಿಕ್ಕಿತು. ಆಗ ಅವರ ವಯಸ್ಸು ಇಪ್ಪತ್ತೇಳರ ಆಸುಪಾಸು. ಆ ವಯಸ್ಸಿನವರೆಗೂ ಹೇಳಿಕೊಳ್ಳುವಂಥ ಯಾವ ಪದವಿಯೂ ಅವರಿಗಿರಲಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾದೆನೆಂದು ಮೂಲೆ ಹಿಡಿದು ಕೂರುವವರು ಇದನ್ನು ಗಮನಿಸಬೇಕು.

1755ರಲ್ಲಿ ದಿಂಡಿಗಲ್ಲಿನ ಫೌಜುದಾರರಾದರು. ಅಲ್ಲಿ ಮೊದಲು ಮಾಡಿದ ಕೆಲಸಗಳಲ್ಲೊಂದು ಕಾರ್ಖಾನೆ ಕಟ್ಟಿದ್ದು. ಫ್ರೆಂಚರ ಕಡೆಯಿಂದ ನುರಿತ ಕುಶಲಕರ್ಮಿಗಳನ್ನು ಕರೆಸಿ, ಫಿರಂಗಿ ಮತ್ತು ಮದ್ದುಗುಂಡು ಸಿದ್ಧಪಡಿಸುವ ವ್ಯವಸ್ಥೆ ಮಾಡಿದರು. ಆ ಕಾಲದ ದೊರೆಗಳಿಗೆ ಕಮ್ಮಾರ, ಬಡಗಿ ಎಂದರೆ ಅಸಡ್ಡೆ. ಇವರಿಗೆ ಕೈಕೆಲಸದವನ ಬೆಲೆ ಗೊತ್ತಿತ್ತು. ಮುಂದೆ ಮೈಸೂರಿನ ಬಾಣಗಳಿಗೆ, ಅಂದರೆ ಇಂದು ನಾವು ರಾಕೆಟ್ ಎನ್ನುವುದಕ್ಕೆ, ಬಿದಿರು ಕಾಗದಗಳ ಬದಲು ಕಬ್ಬಿಣದ ಕೊಳವೆ ಬಂದದ್ದು ಇಂಥ ಕೈಗಳಿಂದಲೇ. ಕೊಳವೆ ಗಟ್ಟಿಯಾದ್ದರಿಂದ ಹೆಚ್ಚು ಮದ್ದನ್ನು ಬಿಗಿಯಾಗಿ ತುಂಬಬಹುದಾಯಿತು, ಬಾಣ ದೂರ ಹಾರಿತು. 1780ರ ಸೆಪ್ಟೆಂಬರ್‌ನಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯ ನಾಶವಾದಾಗ ಈ ಬಾಣಗಳೂ ಅಲ್ಲಿದ್ದವು. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಬಿದನೂರಿನ ಪಾಳುಬಾವಿಯೊಂದರಲ್ಲಿ 2018ರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಬಾಣಗಳು ಸಿಕ್ಕಿವೆ. ಆದ್ದರಿಂದ ಸ್ಪ್ಯಾನರ್ ಹಿಡಿದ ಕೈಯನ್ನು ನಾನು ಕೀಳೆನ್ನುವುದಿಲ್ಲ. ನನ್ನ ತಕರಾರು ಬೇರೆ.

ಹೈದರ್ ಅಲಿಯವರಿಗೆ ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದೂಸ್ತಾನಿ ಐದೂ ಭಾಷೆಗಳಲ್ಲಿ ಮಾತು ಸರಾಗ. ಬಾಯಿಲೆಕ್ಕದಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಬರೆಯಲು ಬರುತ್ತಿದ್ದದ್ದು ಒಂದೇ ಅಕ್ಷರ, ತಮ್ಮ ಹೆಸರಿನ ಮೊದಲಿನ 'ಹೇ'. ಅದನ್ನೂ ತಿರುವುಮುರುವಾಗಿ ಬರೆಯುತ್ತಿದ್ದರಂತೆ. ಉರ್ದು ಒಂದನೇ ತರಗತಿಯ ಮಕ್ಕಳು ಹಾಗೆ ಬರೆದಾಗಲೆಲ್ಲ ನನಗೆ ನವಾಬರ ನೆನಪಾಗುತ್ತದೆ, ಬೈಯಲು ಮನಸ್ಸು ಬರುವುದಿಲ್ಲ.

ಇನ್ನು, ಓದು ಬಾರದ್ದಕ್ಕೆ ಅವರು ತೆತ್ತ ಬೆಲೆ ಕೇಳಿ. ಲೆಕ್ಕಪತ್ರಕ್ಕೆಲ್ಲ ಅವರು ನಂಬಿದ್ದು ಖಂಡೇರಾಯನನ್ನು. ಕಾಗದ, ಹಣಕಾಸು, ದರಬಾರಿನ ವ್ಯವಹಾರ ಎಲ್ಲವೂ ಅವನ ಕೈಯಲ್ಲಿ. 1760ರ ಆಗಸ್ಟ್‌ನಲ್ಲಿ ಅವನು ಅರಮನೆಯ ಪಕ್ಷ ಸೇರಿ ಯಜಮಾನನ ಮೇಲೆಯೇ ತಿರುಗಿಬಿದ್ದ. ಶ್ರೀರಂಗಪಟ್ಟಣದಿಂದ ಹೈದರ್ ರಾತ್ರೋರಾತ್ರಿ ನದಿ ದಾಟಿ ಬೆಂಗಳೂರಿಗೆ ಓಡಬೇಕಾಯಿತು. ಹೆಂಡತಿ, ಬಾಲಕ ಟಿಪ್ಪು ಶತ್ರುಗಳ ವಶದಲ್ಲೇ ಉಳಿದರು.

ಆಮೇಲೆ ಗೆದ್ದದ್ದು ಹೇಗೆ? ಕತ್ತಿಯಿಂದ ಅಲ್ಲ, ಕಾಗದದಿಂದ! ಖಂಡೇರಾಯನ ಸರದಾರರಿಗೆ ಬರೆದಂತೆ ನಂಜರಾಜಯ್ಯನವರ ಮೊಹರಿನ ಪತ್ರಗಳನ್ನು ಸಿದ್ಧಪಡಿಸಿ, ಅವು ಖಂಡೇರಾಯನ ಕೈಗೇ ಬೀಳುವಂತೆ ಮಾಡಿದರು. ತನ್ನವರೇ ತನ್ನನ್ನು ಹಿಡಿದುಕೊಡುತ್ತಾರೆಂದು ಹೆದರಿ ಅವನು ಸೈನ್ಯ ಬಿಟ್ಟು ಓಡಿದ. 1761ರಲ್ಲಿ ರಾಜ್ಯದ ಅಧಿಕಾರವೆಲ್ಲ ಹೈದರ್ ಅಲಿಯವರದಾಯಿತು. ಗಿಳಿಯಂತೆ ಸಾಕುತ್ತೇನೆಂದು ಮಾತು ಕೊಟ್ಟಿದ್ದರಂತೆ. ಹಾಗೆಯೇ ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದರು. ಈ ಕ್ರೌರ್ಯವನ್ನು ನಾನು ಸಮರ್ಥಿಸುವುದಿಲ್ಲ. ಸ್ಮರಿಸುವುದೆಂದರೆ ಹೊಗಳುವುದು ಮಾತ್ರವಲ್ಲ.

ರಾಜ್ಯವಾಳಿದರೂ ಒಡೆಯರ್ ವಂಶದ ಅರಸರನ್ನು ಸಿಂಹಾಸನದಿಂದ ತೆಗೆಯಲಿಲ್ಲ. ಚಿನ್ನದ ಹೊನ್ನಿನ ಒಂದು ಮುಖದಲ್ಲಿ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ, ಇನ್ನೊಂದು ಮುಖದಲ್ಲಿ ತಮಗೆ ಗೊತ್ತಿದ್ದ ಆ ಒಂದೇ ಅಕ್ಷರವನ್ನು ಹಾಕಿಸಿದರು.

ನಮ್ಮ ಮುಳಬಾಗಿಲಿನ ವಿದ್ಯಾರ್ಥಿಗಳಿಗೆ ಒಂದು ಮಾತು. 1768ರ ಅಕ್ಟೋಬರ್ 4ರಂದು ನಿಮ್ಮೂರ ಬಂಡೆಗಳ ನಡುವೆ ಕರ್ನಲ್ ವುಡ್‌ನ ಇಂಗ್ಲಿಷ್ ಸೈನ್ಯವನ್ನು ಹೈದರ್ ಅಲಿ ಸುತ್ತುವರಿದಿದ್ದರು. ಇನ್ನೇನು ಸೋಲು ಎನ್ನುವಾಗ ಕ್ಯಾಪ್ಟನ್ ಬ್ರೂಕ್ ಎಂಬವನು ಎರಡು ಫಿರಂಗಿಗಳನ್ನು ಬಂಡೆಯ ಮೇಲಕ್ಕೆ ಎಳೆಸಿ, "ಸ್ಮಿತ್! ಸ್ಮಿತ್!" ಎಂದು ಕೂಗಿಸಿದ. ಕರ್ನಲ್ ಸ್ಮಿತ್‌ನ ದೊಡ್ಡ ಸೈನ್ಯ ಬಂದೇಬಿಟ್ಟಿತೆಂದು ಮೈಸೂರಿನವರು ಹಿಂದೆ ಸರಿದರು. ಬರೀ ಕೂಗಿಗೆ ಕೈತಪ್ಪಿದ ಗೆಲುವು ಅದು. ಆದರೆ ಆರೇ ತಿಂಗಳಲ್ಲಿ ಹೈದರ್ ಅಲಿ ಮದರಾಸಿನ ಬಾಗಿಲಲ್ಲಿದ್ದರು. 1769ರ ಏಪ್ರಿಲ್‌ನಲ್ಲಿ ಇಂಗ್ಲಿಷರು ಒಪ್ಪಂದಕ್ಕೆ ಬಂದರು. ನಗಾರಿಯಲ್ಲಿ ಮಕ್ಕಳನ್ನು ಬಿಗಿದಿದ್ದ ಅಬ್ಬಾಸ್ ಕುಲಿ ಖಾನ್ ಆಗ ಮದರಾಸಿನಲ್ಲೇ ಇದ್ದ. ಹೆದರಿ ಹಡಗು ಹತ್ತಿ, ಹೈದರ್ ಘಟ್ಟ ಹತ್ತಿ ಹಿಂದಿರುಗುವವರೆಗೂ ನೆಲಕ್ಕಿಳಿಯಲಿಲ್ಲವಂತೆ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರ್ ಅಲಿ ಬೆನ್ನಿನ ಹುಣ್ಣಿನಿಂದ ತೀರಿಕೊಂಡರು. ಟಿಪ್ಪು ದೂರದ ಮಲಬಾರಿನಲ್ಲಿದ್ದರು. ಸುದ್ದಿ ಹಬ್ಬಿದರೆ ಸೈನ್ಯ ಚದುರೀತೆಂದು ಮಂತ್ರಿಗಳಾದ ಪೂರ್ಣಯ್ಯ ಮತ್ತು ಕೃಷ್ಣರಾವ್ ಸಾವನ್ನು ಗುಟ್ಟಾಗಿಟ್ಟರು. ಖಂಡೇರಾಯನಿಗೂ ಲೆಕ್ಕಪತ್ರ ಬರುತ್ತಿತ್ತು, ಪೂರ್ಣಯ್ಯನವರಿಗೂ ಬರುತ್ತಿತ್ತು. ವಿದ್ಯೆ ಒಂದೇ, ಮನುಷ್ಯರು ಬೇರೆ. ಶ್ರೀನಿವಾಸಪುರದವರಿಗೆ ಇವರು ಅಪರಿಚಿತರಲ್ಲ. ಪಾಪನಪಲ್ಲಿ ಎಂದಿದ್ದ ನಿಮ್ಮೂರಿಗೆ ಮಗ ಶ್ರೀನಿವಾಸಮೂರ್ತಿಯ ಹೆಸರಿಟ್ಟವರು ಈ ಪೂರ್ಣಯ್ಯನವರೇ.

ದೇಹವನ್ನು ಸುಗಂಧದ್ರವ್ಯ ತುಂಬಿದ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವಂತೆ ಕಾವಲಿನೊಂದಿಗೆ ಕಳುಹಿಸಿದರು. ಎಲ್ಲಿಗೆ ಬಲ್ಲಿರಾ? ಕೋಲಾರಕ್ಕೆ, ತಂದೆಯ ಮಗ್ಗುಲಿಗೆ. ಶ್ರೀರಂಗಪಟ್ಟಣದ ಗುಂಬಜ್‌ಗೆ ಒಯ್ದದ್ದು ಆಮೇಲೆ.

ಮಗನಿಗೆ ಮಾತ್ರ ಅವರು ಬಾಲ್ಯದಲ್ಲೇ ಉಸ್ತಾದರನ್ನು ನೇಮಿಸಿದ್ದರು. ಪಾರಸಿ, ಅರಬ್ಬಿ, ಕನ್ನಡ ಕಲಿಸಿದ್ದರು. ಈ ಲೇಖನ ಅಚ್ಚಾದ ಮೇಲೆ ಒಂದು ಪ್ರತಿ ಹಿಡಿದು ಮತ್ತೆ ಮಾಲೂರಿನ ಗ್ಯಾರೇಜಿಗೆ ಹೋಗುವವನಿದ್ದೇನೆ. ಖಾಸಗಿಯಾಗಿ ಎಸ್.ಎಸ್.ಎಲ್.ಸಿ. ಕಟ್ಟುವ ಅರ್ಜಿ ನಮೂನೆಯೂ ಜೊತೆಯಲ್ಲಿರುತ್ತದೆ.