ನಾಣ್ಯಗಳಲ್ಲಿನ ಅಚ್ಚಿನ ಭೇದ ಮತ್ತು ಮೇಲ್ಮೈ ಗುರುತುಗಳು: ಸಾರ್ವಜನಿಕರಿಗೆ ಮಾಹಿತಿ

ಹಳೆಯ ನಾಣ್ಯಗಳ ಪರಿಶೀಲನೆ ಕೋರುವ ಸಾರ್ವಜನಿಕರ ಅವಗಾಹನೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

ಟಂಕಸಾಲೆಯ ಅಚ್ಚಿನಲ್ಲಿರುವ ವ್ಯತ್ಯಾಸವು ಅದರಿಂದ ಟಂಕಿಸಿದ ಇತರ ನಾಣ್ಯಗಳಲ್ಲಿಯೂ ಅದೇ ಸ್ಥಳದಲ್ಲಿ ಕಂಡುಬರುತ್ತದೆ. ಚಲಾವಣೆಯಲ್ಲಿ ಉಂಟಾದ ಗೀರು, ತಗ್ಗು ಹಾಗೂ ಸವೆತಗಳು ಆಯಾ ನಾಣ್ಯಕ್ಕೆ ಮಾತ್ರ ಸೀಮಿತವಾಗಿರುತ್ತವೆ. ಮೊದಲನೆಯದಕ್ಕೆ ಸಂಗ್ರಾಹಕರಲ್ಲಿ ಬೆಲೆಯುಂಟು. ಎರಡನೆಯದು ನಾಣ್ಯದ ಬೆಲೆಯನ್ನು ತಗ್ಗಿಸುತ್ತದೆ.

ಐದನೆಯ ಜಾರ್ಜ್ ಕಾಲದ 1911ರ ಬೆಳ್ಳಿ ರೂಪಾಯಿಯು ಇದಕ್ಕೆ ಸೂಕ್ತ ಉದಾಹರಣೆ. ದೊರೆಯ ನಿಲುವಂಗಿಯ ಮೇಲಿನ ಪದಕಮಾಲೆಯಲ್ಲಿ ಆನೆಯ ಚಿತ್ರವಿದೆ. ಸೊಂಡಿಲು ತೀರ ಮೊಟಕಾಗಿದ್ದುದರಿಂದ ಅದು ಹಂದಿಯಂತೆ ತೋರಿ, ಜನರಿಂದ ಆಕ್ಷೇಪಣೆ ಬಂದಿತು. ವಿತರಣೆಯನ್ನು ನಿಲ್ಲಿಸಿ, ಹೆಚ್ಚಿನ ನಾಣ್ಯಗಳನ್ನು ಕರಗಿಸಲಾಯಿತು. 1912ರಲ್ಲಿ ಸೊಂಡಿಲು ಸ್ಪಷ್ಟವಾಗಿರುವ ಹೊಸ ಅಚ್ಚು ಬಳಕೆಗೆ ಬಂದಿತು. ಹಳೆಯದು 'ಹಂದಿ ರೂಪಾಯಿ' ಎಂದೇ ಹೆಸರಾಗಿದೆ.

ತೊಡಕಿರುವುದು ಇಲ್ಲಿಯೇ. ದೀರ್ಘಕಾಲ ಚಲಾವಣೆಯಲ್ಲಿದ್ದ 1912 ಮತ್ತು ನಂತರದ ರೂಪಾಯಿಗಳಲ್ಲಿ ಸೊಂಡಿಲು ಸವೆದು, ಆನೆಯು ಮತ್ತೆ ಹಂದಿಯಂತೆ ಕಾಣಬಹುದು. ಆದ್ದರಿಂದ ಪ್ರಾಣಿಯ ಆಕಾರವನ್ನು ಕುರಿತು ವಾದಿಸುವುದಕ್ಕಿಂತ ನಾಣ್ಯದ ಹಿಂಬದಿಯ ಇಸವಿಯನ್ನು ನೋಡುವುದು ಲೇಸು. ಇಸವಿ 1912 ಅಥವಾ ನಂತರದ್ದಾಗಿದ್ದಲ್ಲಿ ಅದು ಕೇವಲ ಸವೆತ. 1911 ಎಂದಿದ್ದಲ್ಲಿ ಕೊನೆಯ ಅಂಕಿಯನ್ನು ಮಸೂರದಿಂದ ಪರೀಕ್ಷಿಸತಕ್ಕದ್ದು. ಅಂಕಿಯನ್ನು ಕೆರೆದು ತಿದ್ದಿದ್ದರೆ ಸುತ್ತಲಿನ ಲೋಹದಲ್ಲಿ ಗೀರುಗಳಾಗಲಿ ತಗ್ಗಾಗಲಿ ಉಳಿದಿರುವ ಸಂಭವ ಹೆಚ್ಚು.

ಇತರ ನಾಣ್ಯಗಳಿಗೂ ಅನ್ವಯಿಸುವ ಒಂದು ಸರಳ ಪರೀಕ್ಷೆಯಿದೆ. ಹತ್ತು ಪಟ್ಟು ಹಿಗ್ಗಿಸುವ ಮಸೂರವನ್ನು ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ನಾಣ್ಯವನ್ನು ತಿರುಗಿಸಬೇಕು. ಅಚ್ಚು ಬಿರುಕುಬಿಟ್ಟಾಗ ಲೋಹವು ಆ ಸಂದಿಗೆ ನುಗ್ಗುವುದರಿಂದ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ಗೀರು ತಗ್ಗಾಗಿರುತ್ತದೆ, ಅದರ ಅಂಚಿನಲ್ಲಿ ಸರಿದ ಲೋಹವೂ ಕಾಣಬಹುದು. ಜೋಡಿಯಾಗಿ ತೋರುವ ಅಕ್ಷರಗಳ ಬಗ್ಗೆ ವಿಶೇಷ ಎಚ್ಚರ ಅಗತ್ಯ: ಅಚ್ಚಿನಲ್ಲಿಯೇ ಇಮ್ಮಡಿಯಾಗಿದ್ದರೆ ಎರಡೂ ರೂಪಗಳು ದುಂಡಾಗಿ ಉಬ್ಬಿರುತ್ತವೆ, ಅಕ್ಷರದ ತುದಿಗಳು ಕವಲೊಡೆದಿರುತ್ತವೆ. ಟಂಕಿಸುವಾಗ ಅಚ್ಚು ಅಲುಗಿದ್ದರೆ ಎರಡನೆಯದು ಚಪ್ಪಟೆಯಾದ ಮೆಟ್ಟಿಲಿನಂತಿರುತ್ತದೆ. ಅದಕ್ಕೆ ಹೆಚ್ಚುವರಿ ಬೆಲೆ ಸಾಮಾನ್ಯವಾಗಿ ದೊರೆಯುವುದಿಲ್ಲ.

ಪರಿಶೀಲನೆಗೆ ಮುನ್ನ ನಾಣ್ಯವನ್ನು ಹುಣಸೆಹಣ್ಣು, ಬೂದಿ ಇತ್ಯಾದಿಗಳಿಂದ ಉಜ್ಜಬಾರದು. ಉಜ್ಜಿದ ಗೆರೆಗಳು ನಿಜವಾದ ಗುರುತನ್ನು ಅಳಿಸುತ್ತವೆ.

ಹಳೆಯ ನಾಣ್ಯಗಳ ಖರೀದಿ ಅಥವಾ ಮಾರಾಟದ ವ್ಯವಹಾರವನ್ನು ತಾನು ನಡೆಸುವುದಿಲ್ಲ, ಅದಕ್ಕಾಗಿ ಯಾವುದೇ ಶುಲ್ಕ ಅಥವಾ ಕಮಿಷನ್ ಕೇಳುವುದಿಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿದೆ. ಬ್ಯಾಂಕಿನ ಹೆಸರಿನಲ್ಲಿ ಮುಂಗಡ ಹಣ ಕೇಳುವವರಿಗೆ ಹಣವನ್ನಾಗಲಿ ಖಾತೆಯ ವಿವರಗಳನ್ನಾಗಲಿ ನೀಡತಕ್ಕದ್ದಲ್ಲ.