ಅಕ್ಷಯನೀವಿ: ಕಲ್ಯಾಣ ಪರಿಸರದ ಶಾಸನಗಳಲ್ಲಿ ಸಂಪತ್ತಿನ ಪರಿಕಲ್ಪನೆ

ಠಾಣೆ, ಡೊಂಬಿವಲಿಗಳನ್ನು ದಾಟಿದೊಡನೆ ಸಿಗುವ ಕಲ್ಯಾಣವನ್ನು ಬಸವಣ್ಣನವರ ಕಲ್ಯಾಣವೆಂದು ಭ್ರಮಿಸುವವರು ಇಂದಿಗೂ ಉಂಟು. ಬೀದರ ಜಿಲ್ಲೆಯ ಬಸವಕಲ್ಯಾಣವೇ ಬೇರೆ, ಉಲ್ಹಾಸ ನದಿಯ ದಡದ ಈ ಪಟ್ಟಣವೇ ಬೇರೆ. ಆದರೂ ಸಂಪತ್ತು ಎಂದರೇನು ಎಂಬ ಪ್ರಶ್ನೆಯನ್ನೆತ್ತಿಕೊಂಡಾಗ ಈ ಎರಡನ್ನೂ ಒಟ್ಟಿಗಿಟ್ಟು ನೋಡುವುದು ಉಚಿತವೆಂದು ನಮಗೆ ತೋರುತ್ತದೆ. ಕೊಂಡು ಬಳಸುವುದನ್ನೇ ಸಿರಿಯ ಅಳತೆಗೋಲಾಗಿಸಿಕೊಂಡ ಇಂದಿನ ಅರ್ಥವ್ಯವಸ್ಥೆಗೆ ಪ್ರತಿಯಾಗಿ, ನಮ್ಮ ಪೂರ್ವಿಕರು ಹಣವನ್ನು ತೃಣವೆಂದು ಬಗೆದಿದ್ದರು ಎಂದು ಹೇಳಿಬಿಡುವುದು ಸುಲಭ. ಶಾಸನಗಳು ಈ ಮಾತನ್ನು ಸಮರ್ಥಿಸುವುದಿಲ್ಲ.

ಗ್ರೀಕ್ ಭಾಷೆಯ 'ಪೆರಿಪ್ಲಸ್' ಹೆಸರಿಸುವ ಈ ಕಲ್ಯಾಣದ ವರ್ತಕರೂ ಕುಶಲಕರ್ಮಿಗಳೂ ಸಾಷ್ಟಿ ದ್ವೀಪದ ಕಾನ್ಹೇರಿ ಗುಹೆಗಳಿಗೆ ದಾನವಿತ್ತಿದ್ದಾರೆ. ಅಕ್ಕಸಾಲೆ ಸಾಮಿದತ್ತನ ದಾನ ಕುಡಿಯುವ ನೀರಿನ ಒಂದು ತೊಟ್ಟಿ. ಇಂಥ ದಾನಗಳ ಜೊತೆಯಲ್ಲೇ 'ಅಕ್ಷಯನೀವಿ' ಎಂಬ ಇನ್ನೊಂದು ಬಗೆ ಕಾಣಿಸಿಕೊಳ್ಳುತ್ತದೆ. ಕಾವ್ಯಾಭ್ಯಾಸಿಗಳಾದ ನಮಗೆ 'ನೀವಿ' ಎಂದೊಡನೆ ಸೀರೆಯ ಗಂಟು ನೆನಪಾಗುವುದು ಸಹಜ. ಮೂಲಧನವೆಂಬ ಅರ್ಥವನ್ನೂ ಅಮರಕೋಶ ಹೇಳುತ್ತದೆ. ಗಂಟು ಬಿಚ್ಚಬಾರದು, ಬಡ್ಡಿಯನ್ನು ಮಾತ್ರ ಉಣ್ಣಬೇಕು ಎಂಬುದೇ ಇದರ ನಿಯಮ.

ಇದು ನಡೆಯುತ್ತಿದ್ದ ರೀತಿಯನ್ನು ನಹಪಾನನ ಅಳಿಯ ಉಷವದಾತನ ನಾಸಿಕ ಶಾಸನ ಸ್ಪಷ್ಟಪಡಿಸುತ್ತದೆ. ಆತನಿತ್ತ 3000 ಕಾರ್ಷಾಪಣಗಳಲ್ಲಿ 2000ವನ್ನು ಗೋವರ್ಧನದ ಒಂದು ನೇಕಾರ ಶ್ರೇಣಿಯಲ್ಲಿ ನೂರಕ್ಕೆ 1ರಂತೆ, ಉಳಿದ 1000ವನ್ನು ಮತ್ತೊಂದು ಶ್ರೇಣಿಯಲ್ಲಿ ನೂರಕ್ಕೆ ಮುಕ್ಕಾಲರಂತೆ ಇರಿಸಲಾಯಿತು. ಮಾಸಿಕ ಬಡ್ಡಿಯೆಂದು ಹಿಡಿದರೆ ಮೊದಲನೆಯದರಿಂದ ವರ್ಷಕ್ಕೆ 240 ಬರುತ್ತದೆ. 20 ಭಿಕ್ಷುಗಳಿಗೆ ತಲಾ 12ರಂತೆ ಚೀವರಕ್ಕೆ ಸರಿಹೋಗುವ ಮೊತ್ತ. ಮೂಲಧನವನ್ನು ಹಿಂದಿರುಗಿಸತಕ್ಕದ್ದಲ್ಲ. ಒಪ್ಪಂದವನ್ನು ನಿಗಮಸಭೆಯಲ್ಲಿ ಓದಿ ದಾಖಲಿಸಲಾಗಿತ್ತು.

ಕನ್ನಡ ಸಂಶೋಧಕರಿಗೆ ಹೆಚ್ಚು ಹತ್ತಿರವಾದುದು 9ನೆಯ ಶತಮಾನದ ಸಾಕ್ಷ್ಯ. 'ಕವಿರಾಜಮಾರ್ಗ'ದ ನೃಪತುಂಗನಾದ ಅಮೋಘವರ್ಷನ ಸಾಮಂತ, ಕೊಂಕಣದ ಶಿಲಾಹಾರ ಕಪರ್ದಿಯ ಕಾಲದಲ್ಲಿ, ಗೌಡದೇಶದ ಅವಿಘ್ನಾಕರನೆಂಬವನು ಕೃಷ್ಣಗಿರಿಯ, ಅಂದರೆ ಕಾನ್ಹೇರಿಯ, ಭಿಕ್ಷುಗಳ ಸಲುವಾಗಿ 100 ದ್ರಮ್ಮಗಳನ್ನು ಅಕ್ಷಯನೀವಿಯಾಗಿ ಇಟ್ಟನು. ಉಷವದಾತನಿಂದ ಈತನವರೆಗೆ ಸುಮಾರು ಏಳು ಶತಮಾನಗಳು. ನಾಣ್ಯದ ಹೆಸರು, ರಾಜವಂಶ, ಭಾಷೆ ಎಲ್ಲವೂ ಬದಲಾದರೂ ವ್ಯವಸ್ಥೆ ಬದಲಾಗಲಿಲ್ಲ.

ಇದನ್ನು ವೈರಾಗ್ಯವೆನ್ನಲಾಗದು. ಇಲ್ಲಿ ಬಡ್ಡಿಯಿದೆ, ಕರಾರಿದೆ, ಅದರ ಹಿಂದೆ ಬಂದರಿನ ವ್ಯಾಪಾರವಿದೆ. ವಿಶೇಷವೆಂದರೆ, ಕೊಟ್ಟವನಿಗೂ ಪಡೆದವನಿಗೂ ಮೂಲಧನವನ್ನು ಮುಟ್ಟುವ ಹಕ್ಕಿಲ್ಲ. ಯಾರೂ ಕರಗಿಸಲಾರದ ಸೊತ್ತೇ ಇಲ್ಲಿ ಸಂಪತ್ತು. ಆದರೆ ಬಡ್ಡಿಯನ್ನು ದುಡಿದು ತೆತ್ತವರು ಮಗ್ಗದ ಮುಂದೆ ಕುಳಿತ ನೇಕಾರರೆಂಬುದನ್ನು ನಮ್ಮ ವಿದ್ವಾಂಸರು ಸಾಮಾನ್ಯವಾಗಿ ಗಮನಿಸುವುದಿಲ್ಲ.

12ನೆಯ ಶತಮಾನದ ಇನ್ನೊಂದು ಕಲ್ಯಾಣ ಆರಂಭಿಸುವುದು ಈ ದುಡಿಯುವವನಿಂದಲೇ. ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹಿಂದಕ್ಕೆ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥನದಲ್ಲಿ ನಾಳೆಗೆಂದು ಕೂಡಿಡುವುದೇ ದೋಷ. ಅಲ್ಲಿ ನೀವಿಗೆ ಎಡೆಯಿಲ್ಲ. ಕಾಯಕವೇ ದಿನದಿನದ ಮೂಲಧನ. ಎರಡೂ ಉಪಭೋಗವನ್ನು ಮಿತಿಗೊಳಿಸುತ್ತವೆ ನಿಜ, ಆದರೆ ಒಂದು ಕೂಡಿಟ್ಟು, ಇನ್ನೊಂದು ಕೂಡಿಡದೆ. ಇವೆರಡನ್ನೂ 'ಭಾರತೀಯ ಅಪರಿಗ್ರಹ'ವೆಂಬ ಒಂದೇ ಹೆಸರಿನಡಿ ತುರುಕುವುದನ್ನು ನಾವು ಒಪ್ಪಲಾರೆವು.

1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಸ್ಥಾಪಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ (ಮುಂದೆ ಇದೇ ಕೆನರಾ ಬ್ಯಾಂಕಾಯಿತು) ಹೆಸರಿನಲ್ಲಿ ಅಕ್ಷಯನೀವಿಯನ್ನೇ ನೆನಪಿಸುತ್ತದೆ. ಅದೇ ವರ್ಷ ಮುಂಬಯಿಯಲ್ಲಿ ಚಿತ್ರಾಪುರ ಸಾರಸ್ವತರು ಶಾಮರಾವ್ ವಿಠ್ಠಲ ಸಹಕಾರಿ ಬ್ಯಾಂಕನ್ನು ತೆರೆದರು. ಹೆಸರಿನ ಸಾಮ್ಯದಿಂದ ವಂಶಾವಳಿಯನ್ನು ಕಟ್ಟುವುದು ಸಲ್ಲದು. ಸಹಕಾರಿ ಬ್ಯಾಂಕಿನಲ್ಲಿ ಠೇವಣಿದಾರನು ತನ್ನ ಗಂಟನ್ನು ಮರಳಿ ಕೇಳಬಹುದು, ಅವಿಘ್ನಾಕರನು ಕೇಳುವಂತಿರಲಿಲ್ಲ.